ರಸ್ತೆ ಕೆಡಿಸುವುದು ಚಳಿಯೇ, ನೀರೇ? ಮ್ಯಾಕಡಮ್ ಕಂಡುಕೊಂಡ ಸತ್ಯ

ಹಿಮ ಬೀಳುವ ದೇಶಗಳಲ್ಲಿ ರಸ್ತೆ ಚಳಿಗೆ ಒಡೆಯುತ್ತದೆ, ನಮ್ಮಲ್ಲಿ ಲಾರಿಗಳ ಭಾರಕ್ಕೆ ಒಡೆಯುತ್ತದೆ ಎಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಆದರೆ ಎರಡೂ ಕಡೆ ದೊಡ್ಡ ಶತ್ರು ರಸ್ತೆಯಡಿಯ ನೀರು. ಇದನ್ನು ಇನ್ನೂರು ವರ್ಷಗಳ ಹಿಂದೆಯೇ ಒತ್ತಿ ಹೇಳಿದವರು ಜಾನ್ ಲೌಡನ್ ಮ್ಯಾಕಡಮ್.

1756ರಲ್ಲಿ ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ ಹುಟ್ಟಿದ ಅವರು, ತಂದೆ ತೀರಿಕೊಂಡ ಮೇಲೆ 1770ರಲ್ಲಿ ನ್ಯೂಯಾರ್ಕಿನಲ್ಲಿದ್ದ ತಂದೆಯ ಸೋದರನ ಬಳಿಗೆ ಹೋದರು. ವ್ಯಾಪಾರದಲ್ಲಿ ಹಣ ಗಳಿಸಿ 1783ರಲ್ಲಿ ಊರಿಗೆ ಮರಳಿದರು. ಅಲ್ಲಿನ ರಸ್ತೆಗಳ ಟ್ರಸ್ಟಿಯಾದಾಗ ಅವುಗಳ ದುಃಸ್ಥಿತಿ ಕಂಡು, ಸ್ವಂತ ಖರ್ಚಿನಲ್ಲೇ ಅಧ್ಯಯನಕ್ಕಿಳಿದರು. 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಹೊಣೆ ಅವರ ಕೈಗೆ ಬಂತು.

ಆಗ ದೊಡ್ಡ ಕಲ್ಲುಗಳ ಅಡಿಪಾಯವಿದ್ದರೇ ರಸ್ತೆ ಗಟ್ಟಿ ಎಂಬ ನಂಬಿಕೆಯಿತ್ತು. ಮ್ಯಾಕಡಮ್ ಒಪ್ಪಲಿಲ್ಲ. ಭಾರ ಹೊರುವುದು ಕೆಳಗಿನ ಮಣ್ಣು. ಅದು ಒಣಗಿದ್ದರೆ ಸಾಕು ಎಂದರು. ರಸ್ತೆಯನ್ನು ಸುತ್ತಲಿನ ನೆಲಕ್ಕಿಂತ ಎತ್ತರಿಸಿ, ಪಕ್ಕದಲ್ಲಿ ಚರಂಡಿ ತೋಡಿಸಿ, ಸುಮಾರು 170 ಗ್ರಾಂ ಮೀರದ ಜಲ್ಲಿಯನ್ನು ಮಣ್ಣು ಬೆರೆಸದೆ ಹಾಸಿಸಿದರು. ಬೆರೆತ ಮಣ್ಣು ನೀರು ಹಿಡಿದಿಡುತ್ತದೆ, ಆ ನೀರು ಹೆಪ್ಪುಗಟ್ಟಿದರೆ ಜಲ್ಲಿ ಸಡಿಲವಾಗುತ್ತದೆ.

ಮುಂದೆ ವಿಜ್ಞಾನ ಇದನ್ನು ಇನ್ನಷ್ಟು ಬಿಡಿಸಿ ತೋರಿಸಿತು. ನುಣುಪು ಮಣ್ಣು ಹೆಪ್ಪುಗಟ್ಟುವಾಗ ಕೆಳಗಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಂಜುಗಡ್ಡೆಯ ಪದರಗಳು ಬೆಳೆದು ರಸ್ತೆ ಉಬ್ಬುತ್ತದೆ. ಆದರೂ ಕೊರೆಯುವ ಚಳಿಗಿಂತ ಮಂಜು ಕರಗುವ ಕಾಲವೇ ಹೆಚ್ಚು ಅಪಾಯಕಾರಿ. ಮೇಲಿನ ಮಣ್ಣು ಕರಗಿ ಕೆಸರಾಗಿರುತ್ತದೆ, ಕೆಳಗಿನದು ಇನ್ನೂ ಗಟ್ಟಿಯಾಗಿದ್ದು ನೀರನ್ನು ಇಳಿಯಗೊಡುವುದಿಲ್ಲ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಆ ವಾರಗಳಲ್ಲಿ ಲಾರಿಗಳ ಭಾರಕ್ಕೆ ಮಿತಿ ಹಾಕುವುದು ಇದಕ್ಕೇ.

ನಂಜನಗೂಡಿನಲ್ಲಿ ಮಣ್ಣು ಹೆಪ್ಪುಗಟ್ಟುವುದಿಲ್ಲ. ಆದರೆ ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಹಲವೆಡೆ ಎರೆಮಣ್ಣಿದೆ. ಅದು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಕಪಿಲೆ ಹರಿದು ಕಾವೇರಿ ಸೇರುವ ಈ ಸೀಮೆಯಲ್ಲಿ ಗದ್ದೆ, ನಾಲೆಗಳ ತೇವವೂ ಸೇರುತ್ತದೆ. ಮಂಜು ಮಾಡುವ ಕೆಲಸವನ್ನು ಇಲ್ಲಿ ಮಣ್ಣೇ ಮಾಡುತ್ತದೆ. ರಸ್ತೆ ಹಾಕುವ ಮೊದಲು ಮಣ್ಣಿನ ಬಲ ಅಳೆಯುವ ಸಿ.ಬಿ.ಆರ್. ಪರೀಕ್ಷೆಯಲ್ಲಿ ಮಾದರಿಯನ್ನು 4 ದಿನ ನೀರಿನಲ್ಲಿ ನೆನೆಸುವುದು, ನೆನೆದಾಗಲೂ ಅದು ಎಷ್ಟು ತಾಳುತ್ತದೆ ಎಂದು ತಿಳಿಯಲು.

ಸರ್ ಪದವಿಯನ್ನು ಬೇಡವೆಂದ ಮ್ಯಾಕಡಮ್ 1836ರಲ್ಲಿ ತೀರಿಕೊಂಡರು. ಮೇಲೆ ಮತ್ತೊಂದು ಪದರ ಡಾಂಬರು ಕೇಳುವ ಮೊದಲು, ರಸ್ತೆ ಬದಿಯ ಚರಂಡಿ ಹೂಳು ತುಂಬಿದೆಯೇ ಎಂದು ನಾವು ನೋಡಬೇಕು. ಅವರ ಪಾಠ ಅಷ್ಟೇ.