ರಿಪೋರ್ಟ್‌ನಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಅದೇ ರೋಗಕ್ಕೆ ಕಾರಣವೇ? ಹಂದಿಗಳಲ್ಲಿ ಉತ್ತರ ಹುಡುಕಿದ ರಿಚರ್ಡ್ ಶೋಪ್ ಕಥೆ

ಲ್ಯಾಬ್ ರಿಪೋರ್ಟ್‌ನಲ್ಲಿ ಪಾಸಿಟಿವ್ ಎಂದು ಬಂದ ಕೂಡಲೇ ಕಾಯಿಲೆಗೆ ಕಾರಣ ಸಿಕ್ಕಿತು ಅಂದುಕೊಳ್ಳುತ್ತೇವೆ. ರಿಪೋರ್ಟ್‌ನ ಫೋಟೊ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ, ಯಾವ ಆಂಟಿಬಯೋಟಿಕ್ ಕೊಡಬೇಕು ಎಂಬ ಸಲಹೆಯೂ ಬಂದುಬಿಡುತ್ತದೆ. ಆದರೆ ದೇಹದಲ್ಲಿ ಬ್ಯಾಕ್ಟೀರಿಯಾ ಸಿಗುವುದು ಬೇರೆ, ಅದೇ ರೋಗ ತಂದಿದೆ ಎನ್ನುವುದು ಬೇರೆ. ಈ ವ್ಯತ್ಯಾಸವನ್ನು ಅಮೆರಿಕದ ಹಂದಿಗಳಲ್ಲಿ ತೋರಿಸಿಕೊಟ್ಟವರು ವಿಜ್ಞಾನಿ ರಿಚರ್ಡ್ ಶೋಪ್.

ಹಂದಿಗಳಿಗೂ ಫ್ಲೂ ಬಂದಿತ್ತು

ಶೋಪ್ ಹುಟ್ಟಿದ್ದು 1901ರಲ್ಲಿ, ಅಯೋವಾ ರಾಜ್ಯದ ಡೆ ಮೊಯಿನ್ ನಗರದಲ್ಲಿ. ಮೆಕ್ಕೆಜೋಳ ಮತ್ತು ಹಂದಿ ಸಾಕಣೆಗೆ ಹೆಸರಾದ ಸೀಮೆ ಅದು. 1918ರಲ್ಲಿ ಜಗತ್ತಿನಾದ್ಯಂತ ಜನ ಫ್ಲೂನಿಂದ ಸಾಯುತ್ತಿದ್ದಾಗ ಅಲ್ಲಿನ ಹಂದಿಗಳೂ ಜ್ವರ, ಕೆಮ್ಮು, ಏದುಸಿರಿನಿಂದ ಮಲಗಿದವು. ಇದು ಮನುಷ್ಯರಿಗೆ ಬಂದ ಫ್ಲೂ ರೋಗವೇ ಎಂದು ಜೆ. ಎಸ್. ಕೋಯೆನ್ ಎಂಬ ಸರ್ಕಾರಿ ಪಶುವೈದ್ಯರು ಹೇಳಿದಾಗ, ಮಾಂಸದ ವ್ಯಾಪಾರ ಕೆಡುತ್ತದೆಂದು ಹಂದಿ ಸಾಕುವವರು ಸಿಟ್ಟಾದರು. ರೋಗ ಮಾತ್ರ ಮುಂದಿನ ವರ್ಷಗಳಲ್ಲೂ ಚಳಿ ಶುರುವಾಗುವ ಹೊತ್ತಿಗೆ ಮತ್ತೆ ಬರುತ್ತಿತ್ತು.

ಶೋಪ್ 1924ರಲ್ಲಿ ವೈದ್ಯಕೀಯ ಪದವಿ ಪಡೆದು, ಪ್ರಿನ್ಸ್‌ಟನ್‌ನಲ್ಲಿದ್ದ ರಾಕ್‌ಫೆಲ್ಲರ್ ಸಂಸ್ಥೆಯ ಪ್ರಾಣಿರೋಗ ವಿಭಾಗ ಸೇರಿದರು. ಅಲ್ಲಿ ಅವರಿಗೆ ಗುರುವಾದವರು ಪಾಲ್ ಲೂಯಿಸ್. 1928ರಲ್ಲಿ ಹಾಗ್ ಕಾಲರಾ ಎಂಬ ಬೇರೊಂದು ಹಂದಿ ರೋಗದ ಅಧ್ಯಯನಕ್ಕೆ ಅಯೋವಾಕ್ಕೆ ಹೋದಾಗ, ಶೋಪ್ ಈ ಫ್ಲೂ ರೋಗವನ್ನೂ ಕಂಡರು.

ಸಿಕ್ಕಿಬಿದ್ದ ಬ್ಯಾಕ್ಟೀರಿಯಾ

ರೋಗ ತಗುಲಿದ ಹಂದಿಗಳ ಶ್ವಾಸನಾಳದ ಲೋಳೆಯಲ್ಲಿ ಒಂದು ಬ್ಯಾಕ್ಟೀರಿಯಾ ಮತ್ತೆ ಮತ್ತೆ ಸಿಕ್ಕಿತು. ಇದು ಜರ್ಮನಿಯ ರಿಚರ್ಡ್ ಫೈಫರ್ ಮನುಷ್ಯರ ಫ್ಲೂಗೆ ಕಾರಣವೆಂದು 1892ರಲ್ಲಿ ಹೇಳಿದ್ದ ಬ್ಯಾಕ್ಟೀರಿಯಾವನ್ನೇ ಹೋಲುತ್ತಿತ್ತು. ಕೆಲಸ ಇಲ್ಲಿಗೇ ಮುಗಿಯಿತು ಎಂದು ಯಾರಿಗಾದರೂ ಅನಿಸಬಹುದಿತ್ತು.

ಶೋಪ್ ಅಲ್ಲಿಗೆ ನಿಲ್ಲಿಸಲಿಲ್ಲ. ಆ ಬ್ಯಾಕ್ಟೀರಿಯಾವನ್ನಷ್ಟೇ ಬೆಳೆಸಿ ಆರೋಗ್ಯವಂತ ಹಂದಿಗಳ ಮೂಗಿಗೆ ಹಾಕಿ ನೋಡಿದರು. ಫ್ಲೂ ಬರಲಿಲ್ಲ. ನಂತರ ರೋಗಿ ಹಂದಿಯ ಲೋಳೆಯನ್ನು ಬ್ಯಾಕ್ಟೀರಿಯಾ ದಾಟಲಾಗದಷ್ಟು ಸಣ್ಣ ರಂಧ್ರಗಳ ಫಿಲ್ಟರ್‌ನಲ್ಲಿ ಸೋಸಿ ಕೊಟ್ಟರು. ಹಂದಿಗಳಿಗೆ ಸೌಮ್ಯವಾದ ಕಾಯಿಲೆ ಬಂತು. ಸೋಸಿದ ದ್ರವ ಮತ್ತು ಬ್ಯಾಕ್ಟೀರಿಯಾ ಎರಡನ್ನೂ ಸೇರಿಸಿ ಕೊಟ್ಟಾಗ ಪೂರ್ತಿ ತೀವ್ರತೆಯ ರೋಗವೇ ಬಂತು.

ಅಂದರೆ ರೋಗ ಶುರುಮಾಡಿದ್ದು ಫಿಲ್ಟರ್ ದಾಟಿಬಂದ ವೈರಸ್. ಬ್ಯಾಕ್ಟೀರಿಯಾ ಅದರ ಜೊತೆ ಸೇರಿ ರೋಗವನ್ನು ಉಲ್ಬಣಗೊಳಿಸುತ್ತಿತ್ತು.

ಈ ಫಲಿತಾಂಶ ಪ್ರಕಟವಾಗಿದ್ದು 1931ರಲ್ಲಿ. ಅದನ್ನು ನೋಡಲು ಲೂಯಿಸ್ ಇರಲಿಲ್ಲ. ಹಳದಿ ಜ್ವರದ ಅಧ್ಯಯನಕ್ಕೆ ಬ್ರೆಜಿಲ್‌ಗೆ ಹೋಗಿದ್ದ ಅವರು 1929ರಲ್ಲಿ ಅದೇ ಜ್ವರಕ್ಕೆ ಬಲಿಯಾಗಿದ್ದರು. 1933ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ ಪತ್ತೆಹಚ್ಚಿದರು. ಮೊಲಗಳ ಗಡ್ಡೆಗೆ ಕಾರಣವಾಗುವ ವೈರಸ್ಸನ್ನೂ ಕಂಡುಹಿಡಿದ ಶೋಪ್ 1966ರಲ್ಲಿ ತೀರಿಕೊಂಡರು.

ಇವತ್ತಿಗೆ ಇದೇಕೆ ಮುಖ್ಯ?

ಹಂದಿಗಳ ಕೆಲವು ರೋಗಕಾರಕ ಬ್ಯಾಕ್ಟೀರಿಯಾಗಳು ಆರೋಗ್ಯವಂತ ಹಂದಿಯಲ್ಲೂ ಇರುತ್ತವೆ. ಗ್ಲಾಸೆರೆಲ್ಲಾ ಪ್ಯಾರಾಸುಯಿಸ್ ಮೂಗಿನಲ್ಲಿ, ಸ್ಟ್ರೆಪ್ಟೊಕಾಕಸ್ ಸುಯಿಸ್ ಟಾನ್ಸಿಲ್‌ನಲ್ಲಿ ಸುಮ್ಮನೆ ವಾಸವಾಗಿರಬಹುದು. ಮೂಗಿನ ಸ್ವಾಬ್‌ನ ಪಿಸಿಆರ್ ಪಾಸಿಟಿವ್ ಬಂದರೆ ಬ್ಯಾಕ್ಟೀರಿಯಾ ಇದೆ ಎಂದು ಗೊತ್ತಾಗುತ್ತದೆ, ಅಷ್ಟೇ. ರೋಗಕ್ಕೆ ಅದೇ ಕಾರಣವೇ ಎಂದು ತಿಳಿಯಲು ಶ್ವಾಸಕೋಶ, ಕೀಲಿನ ದ್ರವ, ಹೃದಯದ ಸುತ್ತಲಿನ ದ್ರವದಂಥ ಜಾಗಗಳ ಮಾದರಿ ಬೇಕು. ಆಂಟಿಬಯೋಟಿಕ್ ಕೊಡುವ ಮೊದಲೇ ಮಾದರಿ ತೆಗೆದರೆ ಒಳ್ಳೆಯದು. ವೈರಸ್ ಇದೆಯೇ ಎಂದೂ ನೋಡಬೇಕು.

ಹಾಗೆಂದು ಬ್ಯಾಕ್ಟೀರಿಯಾ ನಿರಪರಾಧಿ ಎಂದಲ್ಲ. ಹಂದಿಯ ಸ್ಥಿತಿಯನ್ನು ಬಿಗಡಾಯಿಸುತ್ತಿದ್ದುದು ಅದೇ ಎಂದು ಶೋಪ್ ಪ್ರಯೋಗವೇ ತೋರಿಸಿತ್ತು. ಅಂಥ ಕಡೆ ಆಂಟಿಬಯೋಟಿಕ್ ಬೇಕಾಗುತ್ತದೆ, ಆದರೆ ಅದನ್ನು ತೀರ್ಮಾನಿಸಬೇಕಾದವರು ಪಶುವೈದ್ಯರು. ಆಂಟಿಬಯೋಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಬೇಡದ ಕಡೆ ಬಳಸಿದಷ್ಟೂ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತದೆ.

ಮನುಷ್ಯರ ರಿಪೋರ್ಟ್‌ಗೂ ಈ ಮಾತು ಸಲ್ಲುತ್ತದೆ. ನ್ಯುಮೋನಿಯಾ ತರಬಲ್ಲ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತ ಮಕ್ಕಳ ಮೂಗಿನಲ್ಲೂ ಇರುತ್ತದೆ.

ಇನ್ನು ಮುಂದೆ ಯಾರಾದರೂ ರಿಪೋರ್ಟ್‌ನ ಫೋಟೊ ಕಳಿಸಿದರೆ ಮೂರು ಪ್ರಶ್ನೆ ಕೇಳಿ. ಮಾದರಿ ತೆಗೆದದ್ದು ದೇಹದ ಯಾವ ಭಾಗದಿಂದ? ರೋಗಲಕ್ಷಣಕ್ಕೂ ರಿಪೋರ್ಟ್‌ಗೂ ತಾಳೆಯಾಗುತ್ತದೆಯೇ? ಬೇರೆ ಕಾರಣಗಳನ್ನು ಪರೀಕ್ಷಿಸಿದ್ದಾರೆಯೇ? ಉತ್ತರ ಗೊತ್ತಿಲ್ಲದಿದ್ದರೆ ಔಷಧಿಯ ಸಲಹೆ ಫಾರ್ವರ್ಡ್ ಮಾಡಬೇಡಿ, ವೈದ್ಯರಿಗೆ ತೋರಿಸಲು ಹೇಳಿ.