ಫರ್ಡಿನಾಂಡ್ ಕೋನ್

ಫರ್ಡಿನಾಂಡ್ ಜೂಲಿಯಸ್ ಕೋನ್ (ಜನವರಿ 24, 1828 – ಜೂನ್ 25, 1898) ಜರ್ಮನಿಯ ಸಸ್ಯವಿಜ್ಞಾನಿ ಹಾಗೂ ಬ್ಯಾಕ್ಟೀರಿಯಾಶಾಸ್ತ್ರದ ಸ್ಥಾಪಕರಲ್ಲೊಬ್ಬರು. ನಿಂತ ನೀರನ್ನು ಹಸಿರಾಗಿಸುವ ನೀಲಿ-ಹಸಿರು ಪಾಚಿಗಳು ಬ್ಯಾಕ್ಟೀರಿಯಾಗಳ ನಿಕಟ ಸಂಬಂಧಿಗಳೆಂದು ಇವರು ಗುರುತಿಸಿದರು. ಈ ಜೀವಿಗಳನ್ನು ಇಂದು ಸಯನೋಬ್ಯಾಕ್ಟೀರಿಯಾ ಎಂದು ಕರೆಯಲಾಗುತ್ತದೆ.

ಜೀವನ

ಕೋನ್ ಅವರು ಪ್ರಷ್ಯಾದ ಬ್ರೆಸ್ಲೌ (ಇಂದಿನ ಪೋಲೆಂಡ್‌ನ ವ್ರೊತ್ಸ್ವಾಫ್) ನಗರದ ಯಹೂದಿ ಕುಟುಂಬದಲ್ಲಿ ಜನಿಸಿದರು. ಯಹೂದಿಯಾಗಿದ್ದ ಕಾರಣ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆಯಲು ಅವಕಾಶವಿರಲಿಲ್ಲ. ಆದ್ದರಿಂದ ಬರ್ಲಿನ್‌ಗೆ ತೆರಳಿ, 1847ರಲ್ಲಿ ತಮ್ಮ 19ನೆಯ ವಯಸ್ಸಿನಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಬ್ರೆಸ್ಲೌಗೆ ಮರಳಿ, ತಮಗೆ ಪದವಿ ನಿರಾಕರಿಸಿದ್ದ ವಿಶ್ವವಿದ್ಯಾಲಯದಲ್ಲಿಯೇ ಪ್ರಾಧ್ಯಾಪಕರಾದರು. 1866ರಲ್ಲಿ ಸಸ್ಯ ಶರೀರಕ್ರಿಯಾಶಾಸ್ತ್ರದ ಸಂಸ್ಥೆಯೊಂದನ್ನು ಸ್ಥಾಪಿಸಿದರು.

ಸಂಶೋಧನೆಗಳು

ಕುಡಿಯುವ ನೀರಿನಲ್ಲಿರುವ ಜೀವಿಗಳ ಕುರಿತು ಕೋನ್ 1853ರಲ್ಲಿಯೇ ಲೇಖನ ಪ್ರಕಟಿಸಿದ್ದರು. 1872ರಲ್ಲಿ ಬ್ಯಾಕ್ಟೀರಿಯಾಗಳನ್ನು ಆಕಾರದ ಆಧಾರದ ಮೇಲೆ ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಹುಲ್ಲಿನ ಕಷಾಯವನ್ನು ಕುದಿಸಿದರೂ ಕೆಲವು ಬ್ಯಾಕ್ಟೀರಿಯಾಗಳು ಬೀಜಕಗಳ ರೂಪದಲ್ಲಿ ಉಳಿಯುತ್ತವೆ ಎಂಬುದನ್ನು 1876ರಲ್ಲಿ ತೋರಿಸಿದರು. ಅದೇ ವರ್ಷ, ಆಗ ಅಪರಿಚಿತ ವೈದ್ಯರಾಗಿದ್ದ ರಾಬರ್ಟ್ ಕಾಖ್ ಅವರ ಆಂಥ್ರಾಕ್ಸ್ ರೋಗದ ಸಂಶೋಧನೆಯನ್ನು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು.

ನೀಲಿ-ಹಸಿರು ಪಾಚಿಗಳೂ ಬ್ಯಾಕ್ಟೀರಿಯಾಗಳೂ ಸರಳ ವಿಭಜನೆಯಿಂದಲೇ ವೃದ್ಧಿಯಾಗುತ್ತವೆ; ರಚನೆಯಲ್ಲಿಯೂ ಹೋಲಿಕೆಯಿದೆ. ಇದನ್ನು ಗಮನಿಸಿದ ಕೋನ್, 1870ರ ದಶಕದಲ್ಲಿ ಎರಡನ್ನೂ ಸ್ಕೈಜೊಫೈಟ ಎಂಬ ಒಂದೇ ವಿಭಾಗದಲ್ಲಿ ಸೇರಿಸಿದರು. ಆದರೂ ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕವನ್ನು ಬಿಡುಗಡೆ ಮಾಡುವ ಕಾರಣ ಈ ಪಾಚಿಗಳನ್ನು ಬಹುಕಾಲ ಸಸ್ಯಗಳೆಂದೇ ಪರಿಗಣಿಸಲಾಗಿತ್ತು. ಅವುಗಳ ಜೀವಕೋಶದಲ್ಲಿ ಪೊರೆಯಿಂದ ಆವೃತವಾದ ಕೋಶಕೇಂದ್ರವಿಲ್ಲವೆಂಬುದು 20ನೆಯ ಶತಮಾನದಲ್ಲಿ ಖಚಿತವಾದ ಬಳಿಕ ಅವು ಬ್ಯಾಕ್ಟೀರಿಯಾಗಳೆಂಬ ಅಭಿಪ್ರಾಯ ನೆಲೆಗೊಂಡಿತು.

ಆರೋಗ್ಯದ ದೃಷ್ಟಿಯಿಂದ ಮಹತ್ವ

ಎಲ್ಲ ಸಯನೋಬ್ಯಾಕ್ಟೀರಿಯಾಗಳೂ ಹಾನಿಕಾರಕವಲ್ಲ. ಆದರೆ ಮೈಕ್ರೊಸಿಸ್ಟಿಸ್ ಮೊದಲಾದ ಕುಲಗಳ ಹಲವು ತಳಿಗಳು ಉತ್ಪಾದಿಸುವ ಮೈಕ್ರೊಸಿಸ್ಟಿನ್ ಎಂಬ ವಿಷವು ಯಕೃತ್ತಿಗೆ ಹಾನಿ ಮಾಡುತ್ತದೆ. ನೀರನ್ನು ಕುದಿಸಿದರೆ ಜೀವಕೋಶಗಳು ಸಾಯುತ್ತವೆಯಾದರೂ ಈ ವಿಷವು ನಾಶವಾಗುವುದಿಲ್ಲ. 1996ರಲ್ಲಿ ಬ್ರೆಜಿಲ್‌ನ ಕರುವಾರು ನಗರದ ಡಯಾಲಿಸಿಸ್ ಕೇಂದ್ರವೊಂದರಲ್ಲಿ ಇಂತಹ ವಿಷವಿದ್ದ ನೀರಿನ ಬಳಕೆಯಿಂದ 50ಕ್ಕೂ ಹೆಚ್ಚು ರೋಗಿಗಳು ಮೃತಪಟ್ಟರು. ಹೀಗೆ ಕೋನ್ ಅವರು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಗೀಕರಿಸಿದ ಜೀವಿಗಳು ಇಂದು ಕುಡಿಯುವ ನೀರಿನ ಪರೀಕ್ಷೆಯ ವಿಷಯವಾಗಿವೆ.

ಗೌರವಗಳು

ಕೋನ್ ಅವರಿಗೆ 1885ರಲ್ಲಿ ಲೀವೆನ್‌ಹುಕ್ ಪದಕ ಹಾಗೂ 1895ರಲ್ಲಿ ಲಿನಿಯನ್ ಪದಕ ಲಭಿಸಿದವು. ಅವರು ಬ್ರೆಸ್ಲೌನಲ್ಲಿಯೇ ನಿಧನರಾದರು.