ಮನೆಯಲ್ಲಿ ಓದಿ ಪಾಸಾದದ್ದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ

ಮಕ್ಕಳು ಸ್ಕೂಲಿಗೆ, ಯಜಮಾನರು ಆಫೀಸಿಗೆ ಹೋದ ಮೇಲೆ ಸಿಗೋ ಎರಡು ಗಂಟೆಯಲ್ಲಿ ಪುಸ್ತಕ ಹಿಡಿದು, ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ ಪಾಸಾಗಿದ್ದೀರಿ. ಈಗ ಮುಂದಕ್ಕೆ ಓದೋಣ ಅಂತ ವಿಶ್ವವಿದ್ಯಾಲಯದ ಅರ್ಜಿಯನ್ನೂ ತಂದಿದ್ದೀರಿ. ವಿದ್ಯಾರ್ಹತೆಯ ಕಾಲಂ ಹತ್ತಿರ ಬಂದ ಕೂಡಲೇ ಪೆನ್ನು ನಿಂತುಬಿಡುತ್ತದೆ. ಓದಿದ ಕಾಲೇಜು ಯಾವುದು ಅಂತ ಕೇಳಿದ್ದಾರೆ, ಕಾಲೇಜೇ ಇಲ್ಲವಲ್ಲ! ಬರೆದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಹಾಗನ್ನಿಸಿದರೆ ದುರ್ಗಾಬಾಯಿ ದೇಶಮುಖ್ ಅವರನ್ನು ಒಮ್ಮೆ ನೆನಪು ಮಾಡಿಕೊಳ್ಳಿ.

ಸಂವಿಧಾನ ರಚನಾ ಸಭೆಯಲ್ಲಿದ್ದ 15 ಮಹಿಳೆಯರಲ್ಲಿ ಒಬ್ಬರು, ಯೋಜನಾ ಆಯೋಗದ ಸದಸ್ಯೆಯಾಗಿದ್ದವರು ಅಂತ ನೀವು ಕೇಳಿರಬಹುದು. ಆದರೆ ಅವರ ಮೆಟ್ರಿಕ್ ಕೂಡ ಖಾಸಗಿಯಾಗಿ ಓದಿ ಪಡೆದದ್ದೇ ಅಂತ ಗೊತ್ತಿತ್ತಾ?

ದುರ್ಗಾಬಾಯಿ ಹುಟ್ಟಿದ್ದು 1909ರ ಜುಲೈ 15ರಂದು, ಆಂಧ್ರದ ರಾಜಮಂಡ್ರಿಯಲ್ಲಿ. ಎಂಟನೇ ವಯಸ್ಸಿಗೇ ಮದುವೆ ಮಾಡಿದ್ದರು. ದೊಡ್ಡವಳಾಗಿ ತಿಳಿವಳಿಕೆ ಬಂದ ಮೇಲೆ ಆ ಸಂಬಂಧದಿಂದ ಹೊರಗೆ ಬಂದರು. ತಂದೆ, ತಮ್ಮ ಬೆಂಬಲಕ್ಕೆ ನಿಂತರು. ಶಾಲೆಯನ್ನಂತೂ ಅದಕ್ಕೂ ಮೊದಲೇ ಬಿಟ್ಟಾಗಿತ್ತು. ಇಂಗ್ಲಿಷ್ ಮಾಧ್ಯಮವನ್ನು ಹೇರಿದ್ದು ಈ ಹುಡುಗಿಗೆ ಒಪ್ಪಿಗೆಯಾಗಿರಲಿಲ್ಲ. ಶಾಲೆ ಬಿಟ್ಟು ಸುಮ್ಮನೆ ಕೂರಲಿಲ್ಲ. ಹಿಂದಿ ಕಲಿತು, ಹೆಣ್ಣುಮಕ್ಕಳಿಗಾಗಿ ತಾನೇ ಒಂದು ಹಿಂದಿ ಪಾಠಶಾಲೆ ತೆರೆದರು.

1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದರು. 1933ರೊಳಗೆ ಮೂರು ಬಾರಿ ಜೈಲು. ಮಧುರೆಯ ಜೈಲಿನಲ್ಲಿ ಒಂಟಿ ಕೋಣೆಯ ಶಿಕ್ಷೆಯಿಂದ ಆರೋಗ್ಯವೇ ಕೆಟ್ಟುಹೋಯಿತು. ಅವರ ಬದುಕು ತಿರುಗಿದ್ದೂ ಜೈಲಿನಲ್ಲೇ. ಓದು ಬರಹ ಬಾರದ, ಕೇಸು ನಡೆಸುವವರಿಲ್ಲದ ಹೆಂಗಸರು ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದರು. ಇಂಥವರ ಪರ ನಿಲ್ಲಬೇಕಾದರೆ ತಾನು ವಕೀಲೆಯಾಗಬೇಕು ಅಂತ ದುರ್ಗಾಬಾಯಿ ನಿಶ್ಚಯಿಸಿಬಿಟ್ಟರು.

ಆದರೆ ವಕೀಲೆಯಾಗೋಕೆ ಮೊದಲು ಪದವಿ ಬೇಕು, ಪದವಿಗೆ ಇಂಟರ್‌ಮೀಡಿಯೆಟ್, ಅದಕ್ಕೂ ಮುಂಚೆ ಮೆಟ್ರಿಕ್. ಕೈಯಲ್ಲಿ ಒಂದೂ ಇಲ್ಲ, ವಯಸ್ಸು ಇಪ್ಪತ್ತನಾಲ್ಕು ದಾಟಿದೆ. ಚಿಕ್ಕ ಮಕ್ಕಳ ಜೊತೆ ಬೆಂಚಿನ ಮೇಲೆ ಕೂರೋಕಾಗುತ್ತಾ? ಅವರು ಹಿಡಿದದ್ದು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ದಾರಿ. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್ ಮೊದಲ ಕುಲಾಧಿಪತಿಯಾಗಿದ್ದರಲ್ಲ, ಅದೇ ವಿಶ್ವವಿದ್ಯಾಲಯ. ಅದರ ಮೆಟ್ರಿಕ್ ಪರೀಕ್ಷೆಗೆ ಖಾಸಗಿಯಾಗಿ ಓದಿ ಪಾಸು ಮಾಡಿದರು. ಇಂಟರ್‌ಮೀಡಿಯೆಟ್ಟೂ ಬನಾರಸ್ಸಿನದೇ.

ಮುಂದೆ ರಾಜ್ಯಶಾಸ್ತ್ರ ಓದಲು ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದ ಬಾಗಿಲು ತಟ್ಟಿದರು. ಅಲ್ಲಿ ಕುಲಪತಿ ಸಿ.ಆರ್. ರೆಡ್ಡಿ, ಹಿಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದವರು. ಸೀಟು ಕೊಡೋಕೆ ಅವರು ಹಿಂದೇಟು ಹಾಕಿದರು. ಯಾಕೆ ಗೊತ್ತಾ? ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇಲ್ಲ ಅಂತ! ಗಮನಿಸಿ, ಅಡ್ಡ ಬಂದದ್ದು ಹಾಸ್ಟೆಲ್ಲೇ ಹೊರತು ಆ ಖಾಸಗಿ ಮೆಟ್ರಿಕ್ ಅಲ್ಲ. ದುರ್ಗಾಬಾಯಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಓದುವ ಆಸೆಯಿದ್ದೂ ವಸತಿಯಿಲ್ಲದೆ ಕೂತಿದ್ದ ಹುಡುಗಿಯರನ್ನು ಒಟ್ಟು ಸೇರಿಸಿದರು. ತಾವೇ ಹಾಸ್ಟೆಲ್ ಶುರು ಮಾಡಿದರು. ಸೀಟು ಸಿಕ್ಕಿತು, ಪದವಿಯೂ ಬಂತು. ಆಮೇಲೆ ಮದ್ರಾಸಿನಲ್ಲಿ ಕಾನೂನು ಓದಿ, 1940ರ ದಶಕದ ಆರಂಭದಲ್ಲಿ ವಕೀಲೆಯಾಗಿ ನಿಂತರು.

ತಾವು ಬಂದ ದಾರಿಯನ್ನು ಅವರು ಮರೆಯಲಿಲ್ಲ. ಮದ್ರಾಸಿನಲ್ಲಿ ಕಟ್ಟಿದ ಆಂಧ್ರ ಮಹಿಳಾ ಸಭಾದಲ್ಲಿ ಹೆಣ್ಣುಮಕ್ಕಳನ್ನು ಅದೇ ಬನಾರಸ್ ಮೆಟ್ರಿಕ್‌ಗೆ ತಯಾರು ಮಾಡಿಸಿದರು. 1953ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ, ಆಗ ಹಣಕಾಸು ಸಚಿವರಾಗಿದ್ದ ಸಿ.ಡಿ. ದೇಶಮುಖ್ ಅವರನ್ನು ಮದುವೆಯಾದರು. ಅದೇ ವರ್ಷ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯೂ ಆದರು. ಓದು ಅರ್ಧಕ್ಕೇ ನಿಂತ ವಯಸ್ಕ ಮಹಿಳೆಯರು ಕಡಿಮೆ ಅವಧಿಯಲ್ಲಿ ಪರೀಕ್ಷೆ ಮುಗಿಸಲಿ ಎಂದು 1958ರಲ್ಲಿ ಆ ಮಂಡಳಿ ಸಂಕ್ಷಿಪ್ತ ಶಿಕ್ಷಣದ ಕೋರ್ಸುಗಳನ್ನು ಆರಂಭಿಸಿತು. 1975ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 1981ರ ಮೇ 9ರಂದು ತೀರಿಕೊಂಡರು.

ಈಗ ನಿಮ್ಮ ಅರ್ಜಿಗೆ ಬರೋಣ.

* ಕಾಲೇಜಿನ ಹೆಸರು ಕೇಳಿದ ಕಡೆ ಖಾಸಗಿ ಅಭ್ಯರ್ಥಿ ಅಂತಲೇ ನೇರವಾಗಿ ಬರೆಯಿರಿ. ದೂರಶಿಕ್ಷಣದಲ್ಲಿ ಓದಿದ್ದರೆ ಹಾಗೆಂದೇ ಬರೆಯಿರಿ. ಪರೀಕ್ಷೆ ನಡೆಸಿದ ಮಂಡಳಿಯ ಹೆಸರು, ವರ್ಷ, ನೋಂದಣಿ ಸಂಖ್ಯೆ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ.

* ಬೇರೆ ರಾಜ್ಯದ ಮಂಡಳಿಯೋ ಮುಕ್ತ ಶಾಲೆಯೋ ಆಗಿದ್ದರೆ, ಅದನ್ನು ಒಪ್ಪುತ್ತಾರಾ ಅಂತ ಶುಲ್ಕ ಕಟ್ಟುವ ಮೊದಲೇ ವಿಚಾರಿಸಿ. ಮೈಗ್ರೇಷನ್ ಸರ್ಟಿಫಿಕೇಟ್, ಅರ್ಹತಾ ಪತ್ರ ಬೇಕಾಗಬಹುದು. ಕೊನೆಯ ದಿನದವರೆಗೆ ಕಾಯಬೇಡಿ.

* ಹಿಂದಿ ಪರೀಕ್ಷೆ, ಸಂಗೀತದ ಜೂನಿಯರ್, ಸೀನಿಯರ್, ಕಂಪ್ಯೂಟರ್ ಕೋರ್ಸು ಇವನ್ನೆಲ್ಲ ಇತರೆ ಅರ್ಹತೆಯ ಕಾಲಂನಲ್ಲಿ ಹಾಕಿ. ಪಿಯುಸಿ, ಡಿಗ್ರಿಯ ಜಾಗದಲ್ಲಿ ತುಂಬಿದರೆ ಅರ್ಜಿ ವಾಪಸ್ ಬಂದೀತು.

* ಓದು ನಿಂತ ವರ್ಷಗಳ ಬಗ್ಗೆ ಕೇಳಿದರೆ ಮದುವೆ, ಮಕ್ಕಳು, ಮನೆ ಜವಾಬ್ದಾರಿ ಅಂತ ಇದ್ದದ್ದನ್ನು ಒಂದೇ ಸಾಲಿನಲ್ಲಿ ಹೇಳಿ. ಕಥೆ ಕಟ್ಟಬೇಡಿ.

ಟ್ಯೂಷನ್ನಿಲ್ಲದೆ, ಒಲೆಯ ಮೇಲಿನ ಹಾಲನ್ನೂ ನೋಡಿಕೊಳ್ಳುತ್ತಾ ಓದಿ ಪಡೆದ ಅಂಕ ಅದು. ಬೀರುವಿನಲ್ಲಿ ರೇಷ್ಮೆ ಸೀರೆಯ ಅಡಿಯಲ್ಲಿ ಯಾಕೆ ಬಚ್ಚಿಡ್ತೀರಿ? ಅಂಕಪಟ್ಟಿ ಹೊರಗೆ ತೆಗೀರಿ, ಎರಡು ಜೆರಾಕ್ಸ್ ಮಾಡಿಸಿ, ಅರ್ಜಿಗೆ ಲಗತ್ತಿಸಿ.